ಸಂಜೆ ಆಟಕ್ಕೆ ಬಿಡಿ

ರಾಯದುರ್ಗ: ಡಿಗ್ರಿ ಓದುವ ಮಗ ಬ್ಯಾಗ್ ಇಟ್ಟವನೇ ಮೈದಾನಕ್ಕೆ ಓಡಿದರೆ ಮನೆಯಲ್ಲಿ ಕೇಳೋದು ಒಂದೇ ಪ್ರಶ್ನೆ: 'ಆಟ ಅನ್ನ ಕೊಡ್ತದಾ?' ರಾಯದುರ್ಗ, ಮಡಕಶಿರಾ ಭಾಗದ ಕನ್ನಡ ಮನೆಗಳಿಗೆ ಇದು ಹೊಸ ಮಾತೇನಲ್ಲ. ಆದರೆ ಮಕ್ಕಳು ಕ್ಲಬ್ ಸೇರುವುದೇಕೆ, ಬಿಡದೆ ಉಳಿಯುವುದೇಕೆ ಎಂದು ಯೋಚಿಸಿದವರು ಕಡಿಮೆ.

ಸೇರಲು ಕಾರಣ ಸಣ್ಣದು. ಗೆಳೆಯ ಕರೆದ, ಹೋದ. ಕ್ರೀಡಾ ಕೋಟಾದಲ್ಲಿ ಕೆಲಸ ಸಿಗಬಹುದೆಂಬ ಆಸೆ ಕೆಲವರಿಗೆ. ಆಸೆ ತಣ್ಣಗಾದರೂ ಆಟ ನಿಲ್ಲೋದಿಲ್ಲ. ವಾಲಿಬಾಲ್‌ಗೆ ಆರು ಜನ ಬೇಕು, ಕಬಡ್ಡಿಗೆ ಏಳು. ಒಬ್ಬ ತಪ್ಪಿಸಿಕೊಂಡರೆ ಉಳಿದವರ ಸಂಜೆ ಕೆಟ್ಟಂತೆ. 'ಯಾಕಪ್ಪಾ ನಿನ್ನೆ ಬರಲಿಲ್ಲ?' ಅಂತ ಕೇಳೋರು ಅಲ್ಲಿರುತ್ತಾರೆ. ತುಂಬಿದ ತರಗತಿಯಲ್ಲಿ ಹಾಗೆ ಕೇಳೋರು ಯಾರು?

ಗಡಿ ಮಕ್ಕಳಿಗಂತೂ ಇದು ದೊಡ್ಡ ಆಸರೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರಲ್ಲಿ ಆಂಧ್ರಕ್ಕೆ ಸೇರಿತು. ಮಡಕಶಿರಾ 2022ರಲ್ಲಿ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಮನೆಮಾತು ಕನ್ನಡ, ಕಚೇರಿಯಲ್ಲಿ ತೆಲುಗು. ಮನೆ ಇಲ್ಲಿ, ಕೆಲವರ ಓದು ಬಳ್ಳಾರಿಯಲ್ಲೋ ತುಮಕೂರಲ್ಲೋ. ಕಾಲೇಜು ತಂಡದ ನಂಟು ಕೋರ್ಸ್ ಮುಗಿದ ದಿನ ಮುಗಿಯುತ್ತೆ. ಊರ ಕ್ಲಬ್ಬಿನಲ್ಲಿ ಮಾತ್ರ ಶನಿವಾರ ಬಸ್ಸಿಳಿದು ಬಂದವನಿಗೂ ಜಾಗ ಇರುತ್ತೆ. ಕನ್ನಡದವನಾಗಲಿ ತೆಲುಗಿನವನಾಗಲಿ, ಪಾಯಿಂಟ್ ಎಲ್ಲರಿಗೂ ಒಂದೇ.

ಅನಂತಪುರದ ಆರ್‌ಡಿಟಿ ಮೈದಾನದಲ್ಲಿ 2024ರಲ್ಲಿ ದುಲೀಪ್ ಟ್ರೋಫಿ ಪಂದ್ಯಗಳೇ ನಡೆದವು. ಹೆಮ್ಮೆಯ ವಿಷಯ. ಆದರೆ ರಾಯದುರ್ಗದ ಹುಡುಗ, ಮಡಕಶಿರಾದ ಹುಡುಗಿ ದಿನಾ ಸಂಜೆ ಅಲ್ಲಿಗೆ ಹೋಗಿ ಬರಲಾರರು. ಅವರಿಗೆ ಬೇಕಾದದ್ದು ಊರಲ್ಲೇ ಸಮತಟ್ಟಾದ ಜಾಗ, ಒಂದು ನೆಟ್, ಎರಡು ಲೈಟು. ಪುರಸಭೆ, ಪಂಚಾಯ್ತಿಗಳಿಗೆ ಇದು ಭಾರವಾದೀತೆ?

ಹುಡುಗಿಯರ ಕಷ್ಟವೇ ಬೇರೆ. ಹೈಸ್ಕೂಲಿನಲ್ಲಿ ಖೋ ಖೋ ಆಡಿ ಕಪ್ ತಂದವಳು ಕಾಲೇಜಿಗೆ ಬಂದೊಡನೆ ಆಟ ಬಿಡುವುದುಂಟು. ಆಸಕ್ತಿ ಹೋಗಿರೋದಿಲ್ಲ. ಕತ್ತಲಾಗುವ ಮೊದಲು ಮನೆ ಸೇರಬೇಕು, ಜೊತೆಗೆ ಬರೋರಿಲ್ಲ. ಬೆಳಗಿನ ಹೊತ್ತು ಮೈದಾನ ಅವರಿಗೇ ಬಿಟ್ಟುಕೊಟ್ಟು, ನಾಲ್ಕು ಮನೆಯವರು ಸೇರಿ ಕಳಿಸಿದರೆ ಅರ್ಧ ಸಮಸ್ಯೆ ತೀರೀತು.

ಪರೀಕ್ಷೆ ಹತ್ತಿರ ಬಂದಾಗ ಓದು ಮುಖ್ಯ, ಅದರಲ್ಲಿ ಎರಡು ಮಾತಿಲ್ಲ. ಹಾಗಂತ ಆಟ ಪೂರ್ತಿ ಬಿಡಿಸಬೇಕಿಲ್ಲ. ಬಿಡಿಸುವ ಮೊದಲು ಹೆತ್ತವರು ಒಂದು ಸಂಜೆ ಮೈದಾನದ ಅಂಚಿಗೆ ಹೋಗಿ ನಿಂತು ನೋಡಲಿ. ಮನೆಯಲ್ಲಿ ಬಾಯಿ ಬಿಡದ ಮಗ ಅಲ್ಲಿ ಕೂಗಿ ಕೂಗಿ ಮಾತಾಡುತ್ತಿರುತ್ತಾನೆ.