ಖಾಕಿಯ ಕನಸಿಗೆ ಮೊದಲು ಕಣ್ಣಿನ ಪರೀಕ್ಷೆ

ನಂಜನಗೂಡಿಗೆ ಹತ್ತಿರದ ಕಳಲೆ ಒಂದು ಕಾಲದಲ್ಲಿ ಮೈಸೂರು ಅರಸರಿಗೆ ದಳವಾಯಿಗಳನ್ನು ಕೊಟ್ಟ ಊರು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ದಳವಾಯಿ ದೇವರಾಜಯ್ಯ, ಸರ್ವಾಧಿಕಾರಿ ನಂಜರಾಜಯ್ಯ ಎಂಬ ಕಳಲೆಯ ಸೋದರರ ಮಾತು ನಡೆಯದೆ ಮೈಸೂರಿನಲ್ಲಿ ಏನೂ ನಡೆಯುತ್ತಿರಲಿಲ್ಲ. ಈಗ ದಳವಾಯಿಗಳೂ ಇಲ್ಲ, ದಂಡೂ ಇಲ್ಲ. ಆದರೆ ಸಮವಸ್ತ್ರದ ಆಸೆ ಮಾತ್ರ ಈ ಕಡೆಯ ಹಳ್ಳಿಗಳಲ್ಲಿ ಇನ್ನೂ ಇದೆ. ಬೆಳಗಿನ ಜಾವ ಐದೂವರೆಗೆ ರಸ್ತೆಗೆ ಬಂದು ನೋಡಿ. ಮಂಜಿನಲ್ಲಿ ನಾಲ್ಕಾರು ಹುಡುಗರು ಓಡುತ್ತಿರುತ್ತಾರೆ. ಒಬ್ಬನ ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಇರುತ್ತದೆ. ಕೇಳಿದರೆ ಒಂದೇ ಉತ್ತರ: “ಪೊಲೀಸ್‌ಗೆ ಸಾರ್.”

ಹೀಗೆ ಓಡಿದ ಹುಡುಗರಲ್ಲಿ ಒಬ್ಬ ಹೋದ ವರ್ಷ ತಂದೆಯ ಜೊತೆ ನನ್ನ ಕ್ಲಿನಿಕ್ಕಿಗೆ ಬಂದ. ಲಿಖಿತ ಪರೀಕ್ಷೆಯಲ್ಲಿ ಒಳ್ಳೆಯ ಅಂಕ. ಓಟ, ಜಿಗಿತ, ಗುಂಡು ಎಸೆತ ಎಲ್ಲದರಲ್ಲೂ ಪಾಸು. ಎತ್ತರ, ಎದೆ ಸುತ್ತಳತೆ ಸರಿಯಾಗಿದ್ದವು. ಆದರೆ ಕೊನೆಯ ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣದ ಚುಕ್ಕೆಗಳ ಪುಸ್ತಕವೊಂದನ್ನು ಮುಂದಿಟ್ಟು ಅಂಕಿ ಓದು ಎಂದಿದ್ದಾರೆ. ಹುಡುಗನಿಗೆ ಚುಕ್ಕೆಗಳು ಕಂಡವು, ಅಂಕಿ ಕಾಣಲಿಲ್ಲ. ಅಲ್ಲಿಗೆ ಮೂರು ವರ್ಷದ ತಯಾರಿ ಮುಗಿಯಿತು. ಕೋಚಿಂಗ್ ಫೀಸಿಗೆಂದು ಮನೆಯವರು ಎರಡು ಹಸು ಮಾರಿದ್ದರು.

“ನಮ್ಮ ಹುಡ್ಗ ಏನು ಕಣ್ಣು ಕಾಣ್ದವನಾ ಡಾಕ್ಟ್ರೇ? ರಾತ್ರಿಹೊತ್ತು ಟ್ರ್ಯಾಕ್ಟರ್ ಓಡಿಸ್ತಾನೆ. ನೀವೊಂದು ಸರ್ಟಿಫಿಕೇಟು ಬರೆದುಕೊಡಿ” ಎಂದು ತಂದೆ ಕೇಳಿದರು. ನಾನು ಪರೀಕ್ಷೆ ಮಾಡಿ ನೋಡಿದೆ. ದೃಷ್ಟಿ ಚೆನ್ನಾಗಿತ್ತು. ಕೆಂಪು ಹಸಿರಿನ ಭೇದ ಮಾತ್ರ ಇರಲಿಲ್ಲ. ಸುಳ್ಳು ಬರೆದುಕೊಡಲು ನನ್ನಿಂದಾಗಲಿಲ್ಲ. ಆ ದಿನದಿಂದ ಒಂದು ಮಾತು ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ. ಎರಡು ನಿಮಿಷದ ಈ ಪರೀಕ್ಷೆ ಹುಡುಗ ಎಂಟನೆಯ ತರಗತಿಯಲ್ಲಿದ್ದಾಗಲೇ ಆಗಿದ್ದರೆ ಆ ಮನೆಯ ಹಸುಗಳು ಕೊಟ್ಟಿಗೆಯಲ್ಲೇ ಇರುತ್ತಿದ್ದವು. ಹುಡುಗ ಬೇರೆ ದಾರಿ ಹಿಡಿಯುತ್ತಿದ್ದ.

ಪೊಲೀಸ್ ಕೆಲಸಕ್ಕೆ ದೇಹದಿಂದ ಏನೇನು ಕೇಳುತ್ತಾರೆ? ನಮ್ಮ ರಾಜ್ಯದ ಸಿವಿಲ್ ಕಾನ್‌ಸ್ಟೆಬಲ್ ನೇಮಕಾತಿಯ ಈಚಿನ ಅಧಿಸೂಚನೆಗಳಲ್ಲಿ ಇರುವುದು ಹೀಗೆ. ಗಂಡಸರಿಗೆ ಕನಿಷ್ಠ ಎತ್ತರ 168 ಸೆಂ.ಮೀ., ಎದೆ ಸುತ್ತಳತೆ 86 ಸೆಂ.ಮೀ., ಉಸಿರು ತುಂಬಿದಾಗ ಅದು ಕನಿಷ್ಠ 5 ಸೆಂ.ಮೀ. ಹಿಗ್ಗಬೇಕು. ಹೆಂಗಸರಿಗೆ ಎತ್ತರ 157 ಸೆಂ.ಮೀ., ತೂಕ 45 ಕೆ.ಜಿ. ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಹೆಂಗಸರು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕು. ಜಿಗಿತ, ಗುಂಡು ಎಸೆತ ಬೇರೆ. ಬುಡಕಟ್ಟು ಸಮುದಾಯದವರಿಗೆ ಅಳತೆಗಳಲ್ಲಿ ರಿಯಾಯಿತಿ ಇದೆ. ವಿದ್ಯಾರ್ಹತೆ ಪಿ.ಯು.ಸಿ.; ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಪದವಿ. ವಯೋಮಿತಿ ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನೇ ಓದಿಕೊಳ್ಳಿ. ಇವೆಲ್ಲ ಮುಗಿದ ಮೇಲೆ ವೈದ್ಯಕೀಯ ಪರೀಕ್ಷೆ. ಅಲ್ಲಿ ಕಣ್ಣು, ಕಿವಿ, ಮೂಳೆ ಕೀಲು ಎಲ್ಲವನ್ನೂ ನೋಡುತ್ತಾರೆ. ವರ್ಣಾಂಧತೆ ಮತ್ತು ಮೆಳ್ಳೆಗಣ್ಣು ಇದ್ದವರು ಅನರ್ಹರು.

ಓಟ ಜಿಗಿತಗಳನ್ನು ಅಭ್ಯಾಸದಿಂದ ಗಳಿಸಬಹುದು. ಅಂಕಗಳನ್ನು ಓದಿ ಗಳಿಸಬಹುದು. ಎತ್ತರ ಮತ್ತು ಬಣ್ಣದ ದೃಷ್ಟಿ ಹುಟ್ಟಿನೊಂದಿಗೆ ಬಂದವು. ಎಷ್ಟು ಬೆವರು ಸುರಿಸಿದರೂ ಅವು ಬದಲಾಗುವುದಿಲ್ಲ. ಆದರೂ ನಮ್ಮ ಮನೆಗಳಲ್ಲಿ ಗಳಿಸಬಹುದಾದದ್ದಕ್ಕೆ ಮೂರು ವರ್ಷ ಖರ್ಚು ಮಾಡಿ, ಬದಲಾಗದ್ದನ್ನು ಕೊನೆಯ ದಿನ ತಿಳಿದುಕೊಳ್ಳುತ್ತೇವೆ. ಬಾವಿ ತೋಡಿದ ಮೇಲೆ ನೀರು ಇದೆಯೇ ಎಂದು ಕೇಳಿದಂತೆ ಇದು.

ಬಣ್ಣದ ದೃಷ್ಟಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ವರ್ಣಾಂಧತೆ ಎಂದರೆ ಲೋಕವೆಲ್ಲ ಕಪ್ಪು ಬಿಳುಪಾಗಿ ಕಾಣುತ್ತದೆ ಎಂದಲ್ಲ. ಸಾಮಾನ್ಯವಾಗಿ ಕಾಣಸಿಗುವ ಬಗೆಯಲ್ಲಿ ಕೆಂಪು, ಹಸಿರು, ಕಂದು ಬಣ್ಣಗಳು ಒಂದರೊಳಗೊಂದು ಬೆರೆತಂತೆ ಕಾಣುತ್ತವೆ. ಆ ಹುಡುಗನಿಗೂ ಟೊಮೇಟೊ ಕೆಂಪು ಎಂದು ಗೊತ್ತು, ಏಕೆಂದರೆ ಚಿಕ್ಕಂದಿನಿಂದ ಎಲ್ಲರೂ ಹಾಗೆ ಹೇಳಿದ್ದಾರೆ. ಸಿಗ್ನಲ್ಲಿನಲ್ಲಿ ಮೇಲಿನ ದೀಪ ನಿಲ್ಲು, ಕೆಳಗಿನದು ಹೋಗು ಎಂಬುದನ್ನು ಜಾಗದಿಂದ ಗುರುತಿಸುತ್ತಾನೆ. ಆದ್ದರಿಂದಲೇ ಮನೆಯವರಿಗೂ ಗೊತ್ತಾಗುವುದಿಲ್ಲ, ಅವನಿಗೂ ಗೊತ್ತಾಗುವುದಿಲ್ಲ.

ಈ ದೋಷದ ಬೀಜ ಎಕ್ಸ್ ಎಂಬ ವರ್ಣತಂತುವಿನಲ್ಲಿದೆ. ಗಂಡಿಗೆ ಎಕ್ಸ್ ಒಂದೇ, ಅದು ತಾಯಿಯಿಂದ ಬಂದದ್ದು. ಹೆಣ್ಣಿಗೆ ಎರಡು ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಕಾಪಾಡುತ್ತದೆ. ಹಾಗಾಗಿ ತಾಯಿಗೆ ಬಣ್ಣ ಸರಿಯಾಗಿಯೇ ಕಾಣುತ್ತಿದ್ದರೂ ಮಗನಿಗೆ ಈ ದೋಷ ಬರಬಹುದು. ತಾಯಿಯ ತಂದೆಗೋ ಸೋದರಮಾವನಿಗೋ ಬಣ್ಣ ಗುರುತಿಸುವ ತೊಂದರೆ ಇದ್ದರೆ ಹುಡುಗನನ್ನು ಖಂಡಿತ ಪರೀಕ್ಷಿಸಬೇಕು. ಈ ಮಾತು ಹೇಳಿದ ಕೂಡಲೇ ಕೆಲವು ಮನೆಗಳಲ್ಲಿ ಸೊಸೆಯತ್ತ ಬೆರಳು ತೋರಿಸುತ್ತಾರೆ. ಅದು ಮೂರ್ಖತನ. ಯಾರೂ ತಮ್ಮ ವರ್ಣತಂತುವನ್ನು ಆರಿಸಿಕೊಂಡು ಹುಟ್ಟುವುದಿಲ್ಲ.

ಪರೀಕ್ಷೆಗೆ ಬಳಸುವ ಪುಸ್ತಕವನ್ನು ಜಪಾನಿನ ನೇತ್ರತಜ್ಞ ಶಿನೊಬು ಇಶಿಹಾರಾ 1917ರಲ್ಲಿ ಹೊರತಂದರು. ಪೂರ್ಣ ಪುಸ್ತಕದಲ್ಲಿ 38 ಪುಟಗಳ ಚಿತ್ರಗಳಿವೆ. ಕೆಲವು ಹುಡುಗರು ಆ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ಪರೀಕ್ಷಕರು ಪುಟ ಹಿಂದೆ ಮುಂದೆ ಮಾಡಿದರೆ ಗುಟ್ಟು ರಟ್ಟಾಗುತ್ತದೆ. ಹುಟ್ಟಿನಿಂದ ಬಂದ ವರ್ಣಾಂಧತೆಗೆ ಇಂದಿಗೂ ಮದ್ದಿಲ್ಲ. ಬಣ್ಣದ ಕನ್ನಡಕ, ಲೆನ್ಸುಗಳು ಕೆಲವು ಬಣ್ಣಗಳ ನಡುವಿನ ವ್ಯತ್ಯಾಸವನ್ನು ಎತ್ತಿ ತೋರಿಸಬಹುದಷ್ಟೆ, ದೋಷವನ್ನು ತೆಗೆಯುವುದಿಲ್ಲ. ವಾಸಿ ಮಾಡುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ.

ಹಾಗಾದರೆ ಈ ನಿಯಮ ನ್ಯಾಯವೇ? ಅಪಘಾತ ಮಾಡಿ ಓಡಿದ ಕಾರು ಕೆಂಪೋ ಹಸಿರೋ ಎಂದು ಹೇಳಬೇಕಾದ ಪೇದೆಗೆ ಬಣ್ಣ ತಿಳಿಯಬೇಕು, ಅದನ್ನು ನಾನು ಒಪ್ಪುತ್ತೇನೆ. ಆದರೆ ವರ್ಣಾಂಧತೆಯಲ್ಲೂ ಅಲ್ಪ, ಮಧ್ಯಮ, ತೀವ್ರ ಎಂಬ ಮಟ್ಟಗಳಿವೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಅಲ್ಪ ಮತ್ತು ಮಧ್ಯಮ ಮಟ್ಟದವರಿಗೆ ಚಾಲನಾ ಪರವಾನಗಿ ಸಿಗುವಂತೆ ಮಾಡಿತು. ರಸ್ತೆಯಲ್ಲಿ ವಾಹನ ಓಡಿಸಲು ನಂಬಬಹುದಾದವನನ್ನು ಠಾಣೆಯ ಕಡತ, ಕಂಪ್ಯೂಟರ್ ಕೆಲಸಗಳಿಗೂ ನಂಬಬಾರದೇ? ಪೊಲೀಸ್ ಇಲಾಖೆಯೂ ಇಂಥ ಮಟ್ಟಗಳನ್ನು ಗುರುತಿಸುವ ದಿನ ಬರಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ನಿಯಮ ನಿಯಮವೇ. ಅದನ್ನು ಮುಂಚೆಯೇ ತಿಳಿದುಕೊಳ್ಳುವುದು ನಮ್ಮ ಕೈಯಲ್ಲಿದೆ.

ಎತ್ತರದ ಮಾತಿಗೆ ಬರೋಣ. “ಇನ್ನು ಎರಡು ಸೆಂಟಿಮೀಟರ್ ಬೆಳೆಸಿಕೊಡಿ ಸಾರ್” ಎಂದು ಇಪ್ಪತ್ತೊಂದರ ಯುವಕರು ಬರುತ್ತಾರೆ. ಮೂಳೆಯ ತುದಿಯಲ್ಲಿ ಬೆಳವಣಿಗೆಯ ಮೃದುವಾದ ಪದರವೊಂದಿರುತ್ತದೆ. ಅದು ಹುಡುಗಿಯರಲ್ಲಿ ಸಾಮಾನ್ಯವಾಗಿ ಹದಿನೈದು ಹದಿನಾರರ ಹೊತ್ತಿಗೆ, ಹುಡುಗರಲ್ಲಿ ಹದಿನೆಂಟರ ಸುಮಾರಿಗೆ ಗಟ್ಟಿ ಮೂಳೆಯಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಯಾವ ಪುಡಿಯೂ, ಯಾವ ಮಾತ್ರೆಯೂ, ಕಂಬಕ್ಕೆ ನೇತಾಡುವುದೂ ಎತ್ತರವನ್ನು ಹೆಚ್ಚಿಸುವುದಿಲ್ಲ. ನೇತಾಡಿದಾಗ ಬಂದಂತೆ ಕಾಣುವ ಅರ್ಧ ಸೆಂಟಿಮೀಟರ್ ನಡೆದಾಡುವಷ್ಟರಲ್ಲಿ ಇಳಿದುಹೋಗುತ್ತದೆ. ಎಲ್ಲರ ಎತ್ತರವೂ ಬೆಳಿಗ್ಗೆ ಎದ್ದಾಗ ಸಂಜೆಗಿಂತ ಸುಮಾರು ಒಂದು ಸೆಂಟಿಮೀಟರ್ ಹೆಚ್ಚಿರುತ್ತದೆ, ಬೆನ್ನುಮೂಳೆಯ ನಡುವಿನ ಮೆತ್ತೆಗಳು ರಾತ್ರಿ ಉಬ್ಬುವುದರಿಂದ. ಅಷ್ಟೇ ವಿಷಯ. ಎತ್ತರಕ್ಕೆ ಏನಾದರೂ ಮಾಡುವುದಿದ್ದರೆ ಅದು ಬೆಳೆಯುವ ವಯಸ್ಸಿನಲ್ಲಿ. ರಾಗಿ, ಹುರುಳಿ, ಹೆಸರುಕಾಳು, ಕಡಲೆಕಾಯಿ, ಹಾಲು, ತಿನ್ನುವವರಿಗೆ ಮೊಟ್ಟೆ, ಮತ್ತು ಒಳ್ಳೆಯ ನಿದ್ದೆ ಆಗ ಸಿಗಬೇಕು.

ಈಗ ಓಟ. 1600 ಮೀಟರ್ ಎಂದರೆ 400 ಮೀಟರ್ ಮೈದಾನದಲ್ಲಿ ನಾಲ್ಕು ಸುತ್ತು. ಸುತ್ತಿಗೆ ಸರಾಸರಿ 97 ಸೆಕೆಂಡು. ಮೂರು ನಾಲ್ಕು ತಿಂಗಳು ಕ್ರಮವಾಗಿ ಓಡಿದ ಆರೋಗ್ಯವಂತ ಯುವಕನಿಗೆ ಇದು ಎಟಕುವ ಗುರಿ. ಹದಿನೈದು ದಿನ ಮುಂಚೆ ಶುರು ಮಾಡಿದವನಿಗೆ ಅಪಾಯ. 2024ರಲ್ಲಿ ಜಾರ್ಖಂಡಿನ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ 10 ಕಿ.ಮೀ. ಓಟವಿತ್ತು. ಸೆಕೆ ತುಂಬಿದ ಆ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಪ್ರಾಣ ಕಳೆದುಕೊಂಡರು. ನಮ್ಮಲ್ಲಿ ಅಷ್ಟು ದೂರ ಓಡಿಸುವುದಿಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ತೂಕ ಇಳಿಸಲು ಎರಡು ದಿನ ಉಪವಾಸ ಮಾಡಿ, ನೀರು ಕುಡಿಯದೆ, ನೋವಿನ ಮಾತ್ರೆ ನುಂಗಿ, ಯಾರೋ ಕೊಟ್ಟ ಶಕ್ತಿಯ ಪಾನೀಯ ಕುಡಿದು ಬಿಸಿಲಿನಲ್ಲಿ ಓಡಿದರೆ ಹೃದಯ ಮತ್ತು ಮೂತ್ರಪಿಂಡ ಎರಡಕ್ಕೂ ಪೆಟ್ಟು ಬೀಳುತ್ತದೆ. ಓಡುವಾಗ ಎದೆ ನೋವು ಬಂದರೆ, ತಲೆ ತಿರುಗಿ ಬಿದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡಿದ್ದರೆ, ಮೈದಾನಕ್ಕಿಳಿಯುವ ಮುನ್ನ ವೈದ್ಯರನ್ನು ಕಾಣಿ. ಡಾಂಬರು ರಸ್ತೆಯಲ್ಲಿ ಬರಿಗಾಲಲ್ಲಿ ಓಡಬೇಡಿ, ಮೊಣಕಾಲಿನ ಕೆಳಗಿನ ಮೂಳೆ ನೋವು ಅಲ್ಲಿಂದಲೇ ಶುರು. ಮಣ್ಣಿನ ಮೈದಾನ ಒಳ್ಳೆಯದು. ಇನ್ನು ಗುಟ್ಕಾ, ಬೀಡಿ ಬಿಡದವನು 5 ಸೆಂ.ಮೀ. ಎದೆ ಹಿಗ್ಗಿಸುವ ಚಿಂತೆಗಿಂತ ಮೊದಲು ಅವನ್ನು ಬಿಡಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ನಾನು ಮೊದಲು ಕೇಳುವುದು ರಕ್ತದ ಹಿಮೋಗ್ಲೋಬಿನ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. “ನನ್ನ ಮಗಳಿಗೆ ಓಡಲು ಮನಸ್ಸಿಲ್ಲ, ಅರ್ಧ ಸುತ್ತಿಗೇ ಕೂತುಬಿಡ್ತಾಳೆ” ಎಂದು ಬೈಯುವ ತಾಯಂದಿರೇ, ಅದು ಸೋಮಾರಿತನ ಅಲ್ಲದಿರಬಹುದು. ರಕ್ತ ಪರೀಕ್ಷೆ ಮಾಡಿಸಿ. ಕೊರತೆ ಇದ್ದರೆ ಕಬ್ಬಿಣದ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ತಿಂಗಳು ತಪ್ಪದೆ ಕೊಡಿ. ಊಟವಾದ ಕೂಡಲೇ ಕಾಫಿ, ಟೀ ಬೇಡ, ಅವು ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತವೆ. ಕೆಲವು ತಿಂಗಳಲ್ಲೇ ಅದೇ ಮಗಳು ಪೂರ್ತಿ ಸುತ್ತು ಓಡುವುದನ್ನು ನೀವೇ ನೋಡುತ್ತೀರಿ.

ಎತ್ತರ ಸಾಲದವರು, ಓಡಲಾಗದವರು ನಿರಾಶರಾಗಬೇಕಿಲ್ಲ. ಜೀವ ಉಳಿಸುವ ಕೆಲಸ ಲಾಠಿ ಹಿಡಿದವರದ್ದು ಮಾತ್ರವಲ್ಲ. 108 ಆಂಬುಲೆನ್ಸ್ ಸೇವೆ ರಾಜ್ಯದಲ್ಲಿ 2008ರಿಂದ ಇದೆ, 112 ತುರ್ತು ಸಹಾಯವಾಣಿ 2019ರಿಂದ ಇದೆ. ಅಲ್ಲಿ ಫೋನೆತ್ತುವವರಿಗೆ ಬೇಕಾದದ್ದು ಅಗಲವಾದ ಎದೆಯಲ್ಲ. ಚುರುಕಾದ ಕಿವಿ, ಶಾಂತ ಮನಸ್ಸು, ನಮ್ಮ ಹಳ್ಳಿಯ ಮಾತು ಅರ್ಥವಾಗುವ ಕನ್ನಡ. “ಅರಳಿಕಟ್ಟೆ ತಾವ ಬೈಕು ಬಿದ್ದದೆ, ಬೇಗ ಬನ್ನಿ” ಎಂದು ಗಾಬರಿಯಲ್ಲಿ ಕೂಗುವವನಿಂದ ಊರು ಯಾವುದು, ಉಸಿರಾಡುತ್ತಿದ್ದಾನೆಯೇ, ರಕ್ತ ಹೋಗುತ್ತಿದೆಯೇ ಎಂದು ಅರೆ ನಿಮಿಷದಲ್ಲಿ ತಿಳಿದುಕೊಳ್ಳುವುದು ಸಣ್ಣ ಕೆಲಸವಲ್ಲ. ಈ ಕೆಲಸಕ್ಕೆ ಕಿವಿ ಚೆನ್ನಾಗಿರಬೇಕು. ಆದರೆ ಹಗಲು ರಾತ್ರಿ ಇಯರ್‌ಫೋನ್ ಸಿಕ್ಕಿಸಿಕೊಂಡು ಜೋರಾಗಿ ಹಾಡು ಕೇಳುವ ನಮ್ಮ ಹುಡುಗರು ಇಪ್ಪತ್ತೈದಕ್ಕೇ ಕಿವಿ ಕಳೆದುಕೊಳ್ಳುವ ದಾರಿಯಲ್ಲಿದ್ದಾರೆ. ರಾತ್ರಿ ಪಾಳಿ ಇರುವುದರಿಂದ ಮೂರ್ಛೆರೋಗಕ್ಕೆ ಮಾತ್ರೆ ತೆಗೆದುಕೊಳ್ಳುವವರು ಮೊದಲು ತಮ್ಮ ವೈದ್ಯರನ್ನು ಕೇಳಲಿ, ಏಕೆಂದರೆ ನಿದ್ದೆಗೆಟ್ಟರೆ ಮೂರ್ಛೆ ಬರುವ ಸಂಭವ ಹೆಚ್ಚು.

ಈಗ ನನ್ನ ಸಲಹೆ. ನಿಮ್ಮ ಮಗನೋ ಮಗಳೋ ಎಸ್.ಎಸ್.ಎಲ್.ಸಿ. ಮುಗಿಸುವ ಮುನ್ನ, ಪೊಲೀಸ್ ಕೆಲಸದ ಮಾತು ಮನೆಯಲ್ಲಿ ಬಂದ ದಿನವೇ, ತಾಲ್ಲೂಕು ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕರೆದುಕೊಂಡು ಹೋಗಿ. ದೃಷ್ಟಿ, ಬಣ್ಣದ ದೃಷ್ಟಿ, ಕಿವಿ, ಎತ್ತರ, ರಕ್ತದೊತ್ತಡ ಮತ್ತು ಹಿಮೋಗ್ಲೋಬಿನ್ ಇಷ್ಟನ್ನು ನೋಡಿಸಿ. ಕನ್ನಡಕ ಹಾಕುವವರು ಲೇಸರ್ ಶಸ್ತ್ರಚಿಕಿತ್ಸೆಗೆ ಹಣ ಕೊಡುವ ಮೊದಲು ಆ ನೇಮಕಾತಿಗೆ ಅದು ನಡೆಯುತ್ತದೆಯೇ ಎಂದು ಅಧಿಸೂಚನೆ ನೋಡಿ. ಇನ್ನು ಸರ್ಕಾರಕ್ಕೆ ಒಂದು ಮಾತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 2013ರಿಂದ ಶಾಲೆಗಳಿಗೆ ಹೋಗಿ ಮಕ್ಕಳನ್ನು ಪರೀಕ್ಷಿಸುತ್ತಿವೆ. ಪ್ರತಿ ತಂಡದ ಚೀಲದಲ್ಲೂ ಆ ಚುಕ್ಕೆಗಳ ಪುಸ್ತಕ ಇರಲಿ, ಎಂಟನೆಯ ತರಗತಿಯ ಪ್ರತಿ ಹುಡುಗನಿಗೂ ಅದನ್ನು ತೋರಿಸಲಿ. ಖರ್ಚು ಒಂದು ಪುಸ್ತಕದ್ದು, ಸಮಯ ಮಗುವಿಗೆ ಎರಡು ನಿಮಿಷದ್ದು.

ನನ್ನಲ್ಲಿಗೆ ಬಂದ ಆ ಹುಡುಗ ಈಗ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಹೋದ ತಿಂಗಳು ಒಂಬತ್ತನೆಯ ತರಗತಿಯ ತಮ್ಮನನ್ನು ಕರೆದುಕೊಂಡು ಬಂದಿದ್ದ. “ಇವನೂ ಪೊಲೀಸ್ ಆಗ್ತೀನಿ ಅಂತಾನೆ ಸಾರ್, ಮೊದಲು ಆ ಪುಸ್ತಕ ತೋರಿಸಿ” ಎಂದ. ತಮ್ಮ ಎಲ್ಲ ಅಂಕಿಗಳನ್ನೂ ಸರಿಯಾಗಿ ಓದಿದ. ಅಣ್ಣ ಏನೂ ಮಾತಾಡದೆ ಅವನ ಬೆನ್ನು ತಟ್ಟಿದ. ನಿಮ್ಮ ಮನೆಯಲ್ಲಿ ಇಂಥ ಹುಡುಗನಿದ್ದರೆ, ಬೂಟು ಕೊಡಿಸುವ ಮೊದಲು ಈ ಒಂದು ಪರೀಕ್ಷೆ ಮಾಡಿಸಿ.