ಚಿತ್ರದ ಅಂಚಿಗೆ ಸರಿದವರು

ಸಂಘದ ರಾಜ್ಯೋತ್ಸವ ಮುಗಿದು ಗುಂಪುಚಿತ್ರದ ಹೊತ್ತಾಯಿತೆಂದರೆ ನಮ್ಮಲ್ಲಿ ಮೈ ದಪ್ಪಗಿರುವವರು ತಾವಾಗಿಯೇ ಅಂಚಿಗೆ ಸರಿಯುತ್ತಾರೆ. ಇಲ್ಲವೇ "ಕೊಡಿ, ನಾನೇ ತೆಗೆಯುತ್ತೇನೆ" ಎಂದು ಮೊಬೈಲು ಕೈಗೆತ್ತಿಕೊಳ್ಳುತ್ತಾರೆ. ಅವರ ಪಾಲಿಗೆ ಅಂಚಿನಷ್ಟು ಕೆಟ್ಟ ಜಾಗ ಬೇರೊಂದಿಲ್ಲ. ಮೊಬೈಲಿನದು ವೈಡ್ ಆ್ಯಂಗಲ್ ಮಸೂರ. ಅಂಚಿನಲ್ಲಿರುವುದನ್ನು ಅಡ್ಡಲಾಗಿ ಎಳೆಯುತ್ತದೆ, ಹತ್ತಿರವಿರುವುದನ್ನು ಹಿಗ್ಗಿಸುತ್ತದೆ. ಅಲ್ಲಿ ನಿಂತರೆ ತೆಳ್ಳಗಿನವರೂ ಅಗಲವಾಗುತ್ತಾರೆ.

ಅವರನ್ನು ನಡುವೆ ನಿಲ್ಲಿಸೋಣ. ನಾವು ನಾಲ್ಕು ಹೆಜ್ಜೆ ಹಿಂದೆ ಸರಿದು, ಎರಡು ಪಟ್ಟು ಝೂಮ್ ಮಾಡಿ ತೆಗೆಯೋಣ. ಭಾವಚಿತ್ರಕ್ಕೆ 85 ಮಿ.ಮೀ. ಮಸೂರವನ್ನು ಮೆಚ್ಚುವುದೂ ಈ ದೂರದ ಕಾರಣಕ್ಕೇ. ಒಬ್ಬರನ್ನೇ ತೆಗೆಯುವುದಾದರೆ ಕ್ಯಾಮೆರಾ ಕಣ್ಣಿಗಿಂತ ತುಸು ಮೇಲಿರಲಿ, ಮೈ ಓರೆಯಾಗಿರಲಿ, ಬೆಳಕು ಪಕ್ಕದ ಕಿಟಕಿಯಿಂದ ಬರಲಿ.

ಇದೂ ಮೋಸವೇ ಎನ್ನುವವರುಂಟು. ಮೂಗಿನ ಮುಂದೆ ಮೊಬೈಲು ಹಿಡಿದು ತೆಗೆದದ್ದು ಮಾತ್ರ ಸತ್ಯವೇ? ಆದರೆ ತೆಗೆದ ಮೇಲೆ ಆ್ಯಪಿನಲ್ಲಿ ಸೊಂಟ ಕೊರೆಯುವುದನ್ನು ನಾವು ಒಪ್ಪಲಾರೆವು. (ಮದುವೆಯ ಛಾಯಾಗ್ರಾಹಕರಲ್ಲಿ ಕೆಲವರು ಕೇಳದಿದ್ದರೂ ಕೊರೆದುಕೊಡುತ್ತಾರೆ!) ಅದು ಇದ್ದವರನ್ನು ಎಬ್ಬಿಸಿ ಬೇರೊಬ್ಬರನ್ನು ಕೂರಿಸಿದಂತೆ. ನಾರ್ವೆಯಲ್ಲಿ 2022ರ ಜುಲೈನಿಂದ ಜಾಹೀರಾತುಗಳಲ್ಲಿ ಹೀಗೆ ತಿದ್ದಿದ ದೇಹಕ್ಕೆ ಗುರುತು ಹಾಕುವುದು ಕಡ್ಡಾಯ. ಮನೆಯ ಆಲ್ಬಮ್ಮಿಗೆ ಅಂಥ ಕಾನೂನಿಲ್ಲ.

ಎಷ್ಟೋ ಮನೆಗಳಲ್ಲಿ ಮಕ್ಕಳ ಹತ್ತು ವರ್ಷದ ಚಿತ್ರಗಳಲ್ಲಿ ತಾಯಿಯೇ ಇಲ್ಲ. "ಸಣ್ಣಗಾದ ಮೇಲೆ ತೆಗೆಸಿಕೊಳ್ಳುತ್ತೇನೆ" ಎಂದು ಆಕೆ ಮುಂದೂಡುತ್ತಲೇ ಬಂದಿರುತ್ತಾಳೆ. ಅಷ್ಟರಲ್ಲಿ ಮಕ್ಕಳು ಹಾಸ್ಟೆಲಿಗೆ ಹೊರಟಿರುತ್ತಾರೆ.