ಗುಜರಿಗೆ ಮುನ್ನ ಒಂದು ಯೋಚನೆ



15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸುವಂತಿಲ್ಲ ಎಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾರಿಗೆ ನಿಗಮಗಳ ಬಸ್ಸುಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಹೊಗೆ, ಬ್ರೇಕು, ಪ್ರಯಾಣಿಕರ ಸುರಕ್ಷತೆಯ ದೃಷ್ಟಿಯಿಂದ ಇದು ಸರಿಯೇ. ಆದರೆ ರಸ್ತೆಗೆ ಸಲ್ಲದ ಬಸ್ಸಿನ ಬಾಡಿ ನಿಂತಲ್ಲೇ ದುಡಿಯಬಲ್ಲದು. 2020ರಲ್ಲಿ ಕೆಎಸ್‌ಆರ್‌ಟಿಸಿ ಗುಜರಿ ಸೇರಬೇಕಿದ್ದ ಬಸ್ಸೊಂದನ್ನು ಮಹಿಳೆಯರ ಶೌಚಾಲಯವಾಗಿ ಮಾರ್ಪಡಿಸಿ, ಮಗುವಿಗೆ ಹಾಲುಣಿಸಲೂ ಜಾಗ ಕಲ್ಪಿಸಿ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿತ್ತು. ಎಂಜಿನ್ ಓಡದಿದ್ದರೆ ಹೊಗೆಯ ಪ್ರಶ್ನೆಯೇ ಏಳದು.

ಬಸ್ಸು ಮಾರ್ಪಡಿಸುವ ಹಣಕ್ಕೆ ಕೋಣೆಯನ್ನೇ ಕಟ್ಟಬಹುದಲ್ಲ ಎಂಬ ಆಕ್ಷೇಪ ಸಹಜ. ಕಟ್ಟಬಹುದು, ಸ್ವಂತ ಜಾಗವಿದ್ದರೆ. ಬಸ್ಸಿಗೆ ಪಾಯ ಬೇಡ. ಜಾಗ ತೆರವು ಮಾಡಬೇಕಾದರೆ ಎಳೆದೊಯ್ಯಬಹುದು. ಹಳೆಯ ಬಾಡಿ ತುಕ್ಕು ಹಿಡಿದಿರುತ್ತದೆ ಎಂಬ ಮಾತು ಮಾತ್ರ ಹಗುರವಲ್ಲ. ಹಳೆ ಬಸ್ಸು ಕೊಳ್ಳುವವರು ಸೀಟು, ಬಣ್ಣ ನೋಡಿ ಮರುಳಾಗುತ್ತಾರೆ (ಕಿತ್ತೆಸೆಯಬೇಕಾದ್ದು ಅದೇ!). ನೋಡಬೇಕಾದ್ದು ಚಾಸಿ, ಚಕ್ರದ ಮೇಲಿನ ತಗಡು, ನೆಲಹಾಸಿನ ಅಡಿ, ಚಾವಣಿಯ ಜೋಡಣೆ. ಚಾವಣಿ ಸೋರುತ್ತಿದ್ದರೆ ಒಳಗೆ ಮಾಡಿಸಿದ ಮರಗೆಲಸವೆಲ್ಲ ಒಂದೇ ಮಳೆಗಾಲಕ್ಕೆ ಹಾಳು. ಚಾಸಿಯೇ ತಿಂದುಹೋಗಿದ್ದರೆ ಆ ಬಸ್ಸು ಗುಜರಿಗೇ ಹೋಗಲಿ.

ಓಡುವ ಮನೆಯ ಕನಸಿನಲ್ಲಿ ಖಾಸಗಿ ಬಸ್ಸು ಕೊಳ್ಳುವವರ ಹಾದಿ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ವಿನ್ಯಾಸ ಬದಲಿಸುವುದಕ್ಕೆ ಕಟ್ಟುಪಾಡು ಹಾಕಿದೆ. ಕೆಲಸಕ್ಕೆ ಕೈಹಾಕುವ ಮೊದಲೇ ಆರ್‌ಟಿಒ ಒಪ್ಪಿಗೆ ಕೇಳಬೇಕು.

15 ವರ್ಷ ಮೀರಿದ ಸರ್ಕಾರಿ ಬಸ್ಸನ್ನು ಗುಜರಿ ಕೇಂದ್ರಕ್ಕೇ ಒಪ್ಪಿಸಬೇಕೆಂಬ ನಿಯಮದ ಷರತ್ತಿನಿಂದ, ಎಂಜಿನ್ ಕಳಚಿ ಒಂದೆಡೆ ನಿಲ್ಲಿಸುವ ಗಟ್ಟಿ ಬಾಡಿಗಳಿಗೆ ವಿನಾಯಿತಿ ಕೊಡಿಸಲು ರಾಜ್ಯ ಸರ್ಕಾರ ಕೇಂದ್ರಕ್ಕೆ ಪತ್ರ ಬರೆಯಲಿ.

— ಓರ್ವ ಓದುಗ